ಜಯರಾಮಯ್ಯನ ನಿಪ್ಪಟ್ಟು ಪರೀಕ್ಷೆ

ಬಾಗಲೂರಿನ ಮೆಕ್ಯಾನಿಕ್ ಜಯರಾಮಯ್ಯ ಮೂವತ್ತು ವರ್ಷಗಳಿಂದ ಪಿಸ್ಟನ್ ಸವೆತ ಕಂಡುಹಿಡಿಯುವುದು ಹೆಂಡತಿ ಸಾಕಮ್ಮ ಕರಿದ ನಿಪ್ಪಟ್ಟಿನಿಂದ. ಓಡುತ್ತಿರುವ ಎಂಜಿನ್ನಿನ ಆಯಿಲ್ ಸುರಿಯುವ ಬಾಯಿಯ ಮೇಲೆ ಒಂದನ್ನಿಡುತ್ತಾನೆ. ಪಿಸ್ಟನ್ ಸವೆದಿದ್ದರೆ ಅದರ ಸಂದಿಯಿಂದ ನುಗ್ಗಿದ ಗಾಳಿ ನಿಪ್ಪಟ್ಟನ್ನು ಕುಣಿಸುತ್ತದೆ. ನಗಬೇಡಿ, ಒಮ್ಮೆಯೂ ತಪ್ಪಿಲ್ಲ.

ಹೊಸೂರು ಕಾರ್ಖಾನೆಯ ಜಗನ್ ಹೊಗೆಯುಗುಳುವ ಕಾರು ತಂದ. "ಟರ್ಬೊ ಹೋಗೈತಂತಣ್ಣಾ, ಕಂಪ್ಯೂಟರ್ ಹೇಳ್ತು."

ಜಯರಾಮಯ್ಯ ಇಟ್ಟ ನಿಪ್ಪಟ್ಟು ಹಾರಿ ಜಗನ್ ಬೂಟಿನ ಮೇಲೆ ಬಿತ್ತು.

"ಟರ್ಬೊ ಚೆನ್ನಾಗೈತೆ ಕಣ್ಲಾ, ಪಿಸ್ಟನ್ನೇ ಸವೆದೋಗವೆ."

ಬಿಚ್ಚಿದರೆ ಅವನು ಹೇಳಿದಂತೆಯೇ ಇತ್ತು. ಹೊಸ ಪಿಸ್ಟನ್ ಹಾಕಿ ಎಂಜಿನ್ ಜೋಡಿಸಿ, ಮೂರನೇ ದಿನ ಆಗಷ್ಟೇ ಕರಿದ ಮತ್ತೊಂದು ನಿಪ್ಪಟ್ಟಿಟ್ಟ. ಅದು ಮಿಸುಕಲಿಲ್ಲ. ಜಗನ್ ಕೈಮುಗಿದು ಹೊರಟ.

ಆಗ ಸಾಕಮ್ಮ ಟೀ ತಂದಳು. "ಇವತ್ತು ನಿಪ್ಪಟ್ಟು ವಸಿ ದಪ್ಪಕ್ಕೆ ತಟ್ಬುಟ್ಟೆ ಕಣ್ರೀ."

ಜಯರಾಮಯ್ಯ ಬರಿಗಾಲಲ್ಲೇ ಕಾರಿನ ಹಿಂದೆ ಓಡಿದ. "ನಿಲ್ಸ್ಲಾ! ಎಂಜಿನ್ ಬಿಚ್ಬೇಕು!"