ಒಂದೇ ಫ್ಯಾನಿನ ಪಡಸಾಲೆ

ಮಸ್ಕಿಯ ಮನೆಯೊಂದರ ಪಡಸಾಲೆಯನ್ನು ಬಹುಕಾಲ ಆಳಿದ ಫ್ಯಾನನ್ನು ಕಳೆದ ವರ್ಷ ಕೆಳಗಿಳಿಸಲಾಯಿತು. ಇಳಿಸಿದವನು ನಾನೇ, ಕಡಿಮೆ ಕರೆಂಟಿನ ಫ್ಯಾನು ಮಾರುವುದು ನನ್ನ ಕೆಲಸ.

"ಅರ್ಧಕ್ಕರ್ಧ ಕರೆಂಟ್ ಉಳಿತೈತ್ರಿ," ಎಂದೆ.

"ಹಂಗಾದ್ರ ಕೋಣಿಗೊಂದು ಹಾಕಿಬಿಡ್ರಿ," ಎಂದ ಮನೆಯ ಮಗ. ಹಾಕಿದೆ.

ಈ ಬೇಸಿಗೆಯ ಒಂದು ಮಧ್ಯಾಹ್ನ ಮತ್ತೆ ಹೋದಾಗ ಪಡಸಾಲೆಯಲ್ಲಿ ಅವನ ತಾಯಿ ಒಬ್ಬಳೇ ಕೂತಿದ್ದಳು.

"ಮದ್ಲ ಎಲ್ಲಾರೂ ಇಲ್ಲೇ ಉರುಳ್ತಿದ್ರು ತಮ್ಮಾ. ಗಾಳಿ ಬರೋ ಜಾಗಕ್ಕ ಮೊಮ್ಮಕ್ಕಳು ನನ್ನ ಮೈಮ್ಯಾಲೆ ಬಿದ್ದು ಬಡದಾಡ್ತಿದ್ವು. ಈಗ ಎಲ್ಲಾರೂ ಕದ ಹಾಕ್ಕೊಂಡು ಮಲಗ್ಯಾರ. ಆ ಹಳೇದನ್ನ ತಿರುಗಿ ಹಾಕಿಕೊಡು."

"ಅದು ಕರೆಂಟ್ ಭಾಳ ತಿಂತೈತಿ ಯವ್ವಾ."

"ಇವೆಲ್ಲಾ ಕೂಡಿ ತಿನ್ನೂವಷ್ಟು ಅದೊಂದೇ ತಿಂತಿತ್ತೇನು?"

ಮುಚ್ಚಿದ ಕದಗಳನ್ನು ಒಂದೊಂದಾಗಿ ಎಣಿಸಿದೆ.

ಹಳೆಯ ಫ್ಯಾನು ಆಗಲೇ ಗುಜರಿಗೆ ಹೋಗಿತ್ತು. ಹೊಸವೆಲ್ಲ ಚೆನ್ನಾಗಿ ತಿರುಗುತ್ತಿವೆ. ಆ ಮನೆ ಈಗ ಮೊದಲಿಗಿಂತ ಹೆಚ್ಚು ಕರೆಂಟು ಬಳಸುತ್ತದೆ.