ಬಣ್ಣ ಬಿಡದ ಪಾರಿವಾಳ

ಮೊನ್ನೆ ಹೊಸ ಸೀರೆಯೊಂದರ ಮಡಿಕೆ ಬಿಚ್ಚಿದಾಗ ಗಂಜಿಯ ವಾಸನೆ ಬಂತು. ಅದರ ಹಿಂದೆಯೇ ನಮ್ಮ ಅಂಗಡಿಯಮ್ಮನ ನೆನಪೂ...

ಶಿರಾದಲ್ಲಿ ಅವರ ಬಟ್ಟೆ ಅಂಗಡಿಯ ಜಗಲಿಯ ಮೇಲೆ ನಾನು ಹೊಲಿಗೆ ಮಷೀನು ಇಟ್ಟುಕೊಂಡಿದ್ದೆ. ಅವರಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಹೊಸ ಬಟ್ಟೆ ಬಂದರೆ ಮೂಲೆ ಒದ್ದೆ ಮಾಡಿ ಉಜ್ಜಿ, ಬಣ್ಣ ಬಿಡುತ್ತದೋ ಎಂದು ನೋಡುವರು. ನಾನು ಮನೆಗೆ ಹೊರಟರೆ ನನ್ನ ಚೀಲದ ಮೇಲೊಂದು ಕಣ್ಣು. ಅವರ ಕತ್ತರಿಯನ್ನಂತೂ ಮುಟ್ಟಲೂ ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗುರುತಿಲ್ಲದವನೊಬ್ಬ ಬುಟ್ಟಿ ಹಿಡಿದು ಬಂದ. ಒಳಗೆ ಪಚ್ಚೆ ರೆಕ್ಕೆಯ ಪಾರಿವಾಳ. ಕೆಂಪು ಕೊಕ್ಕು, ಬಿಳಿ ಹಣೆ, ಕಂದುಗುಲಾಬಿ ಎದೆ. ಮನೆಯಲ್ಲೇ ಸಾಕಿದ್ದು, ಕೊಂಡರೆ ಒಳ್ಳೆಯದಾಗುತ್ತದೆ ಎಂದ.

“ಬಣ್ಣ ಬಳ್ದು ತಂದಿದೀಯೇನಯ್ಯಾ?” ಎಂದು ಅಂಗಡಿಯಮ್ಮ ಹೆಬ್ಬೆರಳು ಒದ್ದೆ ಮಾಡಿ ರೆಕ್ಕೆ ಉಜ್ಜಿದರು. ಬಣ್ಣ ಬಿಡಲಿಲ್ಲ. ಅವರ ಅನುಮಾನ ಇನ್ನೂ ಹೆಚ್ಚಾಯಿತು. ಹಕ್ಕಿ ಬುಟ್ಟಿಗೆ ತಲೆ ಬಡಿದುಕೊಳ್ಳುತ್ತಿತ್ತು, ಹಣೆಯಲ್ಲಿ ರಕ್ತ.

“ಸಾಕಿದ್ದಾದ್ರೆ ಕೈ ಕಂಡು ಇಂಗ್ಯಾಕೆ ತಲೆ ಚಚ್ಕಂತೈತೆ? ಎಲ್ಲಿ ಹಿಡ್ದೆ ಹೇಳು. ಪೊಲೀಸ್ನೋರನ್ನ ಕರೀಲಾ?”

“ಸಿದ್ದರಬೆಟ್ಟದ ಕಾಡಲ್ಲಿ ಕಣಮ್ಮ... ನೆಲದ ಮ್ಯಾಲೆ ಕಾಳು ಹೆಕ್ತಿತ್ತು” ಎಂದವನೇ ಬುಟ್ಟಿ ಬಿಟ್ಟು ಓಡಿದ.

ಅರಣ್ಯ ಇಲಾಖೆಗೆ ಕೊಡೋಣ ಎಂದೆ. “ಯಾರ್ ಕೈಗೆ ಕೊಟ್ರೂ ನಂಗೆ ನಿದ್ದೆ ಬರಾಕಿಲ್ಲ” ಎಂದು ಅಂಗಡಿಗೆ ಬೀಗ ಹಾಕಿ, ಹಕ್ಕಿಯನ್ನು ಅದರ ಕಾಡಿಗೇ ಬಿಟ್ಟುಬರಲು ನನ್ನನ್ನೂ ಹೊರಡಿಸಿದರು. ನನ್ನನ್ನು ಬಿಟ್ಟುಹೋದರೆ ಆ ಬುಟ್ಟಿಯವನಿಗೆ ಸುದ್ದಿ ಮುಟ್ಟಿಸುತ್ತೇನೆಂಬ ಅನುಮಾನವೂ ಇದ್ದಿರಬೇಕು. ಮಧುಗಿರಿಯಲ್ಲಿ ಬಸ್ಸು ಬದಲಿಸುವಾಗ ಪಾವಗಡದ ಕಡೆಯ ಹೆಂಗಸೊಬ್ಬಳು ತೆಲುಗು ಬೆರೆಸಿ “ಬುಟ್ಟೀಲಿ ಏಮಿ ಐತಕ್ಕಾ?” ಎಂದಳು.

“ಬಳೆ” ಎಂದರು ಅಂಗಡಿಯಮ್ಮ.

ಕೊರಟಗೆರೆ ದಾಟಿ ಬೆಟ್ಟದ ತಪ್ಪಲಿನ ಮರಗಳ ನಡುವೆ ನಡೆದೆವು. ಯಾರಾದರೂ ಬೆನ್ನುಬಿದ್ದಿದ್ದಾರೆಯೇ ಎಂದು ಅವರು ತಿರುತಿರುಗಿ ನೋಡುತ್ತಿದ್ದರು. ಬುಟ್ಟಿಯ ಮುಚ್ಚಳವನ್ನು ಅವರೇ ತೆರೆದರು. ಹಕ್ಕಿಯನ್ನು ಮೆಲ್ಲಗೆ ನನ್ನ ಅಂಗೈಗೆ ದಾಟಿಸಿದರು.

“ನೀನೇ ಬುಡಮ್ಮ. ನಿನ್ ಕೈ ಗಟ್ಟಿ ಐತೆ.”

ಅವರ ಬಾಯಲ್ಲಿ ಅಂಥ ಮಾತು ಕೇಳಿದ್ದು ಅದೇ ಮೊದಲು...

ನೆಲಕ್ಕೆ ಬಿಟ್ಟೆ. ಅದು ಹಾರಲಿಲ್ಲ, ತರಗೆಲೆಯ ಮೇಲೆ ಕೋಳಿಯಂತೆ ನಡೆಯತೊಡಗಿತು. “ರೆಕ್ಕೆ ಕತ್ತರಿಸ್ಬುಟ್ಟವ್ನೆ ಕಳ್ಳ!” ಎಂದು ಅವರು ಕೂಗುವಷ್ಟರಲ್ಲಿ ಪಟಪಟನೆ ಎದ್ದು, ತಗ್ಗಿನಲ್ಲೇ ಮರಗಳ ಸಂದಿಯಲ್ಲಿ ನೇರ ಹಾರಿತು. ಬಾಲದ ಬುಡದಲ್ಲಿ ಎರಡು ನಸುಬಿಳಿ ಪಟ್ಟೆ ಮಿಂಚಿ ಮರೆಯಾದವು. ಅಂಗಡಿಯಮ್ಮ ಅಲ್ಲೇ ಕಲ್ಲಿನ ಮೇಲೆ ಕೂತರು. ಹೊತ್ತು ಇಳಿಯುವವರೆಗೂ ಏಳಲಿಲ್ಲ. ಹಿಡಿದವನು ಮತ್ತೆ ಬಂದುಬಿಟ್ಟರೆ ಎಂಬ ಕಾವಲು.

ಅವರು ತೀರಿಕೊಂಡಾಗ ನಾನು ದೂರದೂರಿನಲ್ಲಿದ್ದೆ, ಮುಖ ನೋಡಲಾಗಲಿಲ್ಲ. ಈಗಲೂ ಕಾಡುದಾರಿಯಲ್ಲಿ ನೆಲದ ಮೇಲೆ ಪಚ್ಚೆ ಸರಿದಾಡಿದರೆ ಕೊಕ್ಕು ನೋಡುತ್ತೇನೆ, ಹಾರಿದಾಗ ಪಟ್ಟೆ ನೋಡುತ್ತೇನೆ. ಅದೇ ಜಾತಿಯ ಹಕ್ಕಿ ಎಂದು ಖಾತ್ರಿಯಾಗುತ್ತದೆ. ಆದರೆ ನನ್ನ ಮಾತು ನಂಬದೆ, “ಸರ್ಯಾಗಿ ನೋಡಿದ್ಯಾ?” ಎಂದು ಕೇಳಲು ಅವರಿಲ್ಲ.