ಮೂರನೇ ಮಹಡಿಯ ಜುಕಿನಿ

ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಸೀಟು ಹೊಲಿದವಳನ್ನು ಕಟ್ಟಡದವರೆಲ್ಲ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ನಿವೃತ್ತಿಯಾದ ವರ್ಷವೇ ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ಮೂರನೇ ಮಹಡಿಯ ಮನೆ ಬಿಟ್ಟು ಕದಲದಂತಾಯಿತು. ಜೊತೆಗಿದ್ದ ತಂಗಿ, "ಇನ್ನಾದ್ರೂ ಹಾಯಾಗಿ ಕೂತ್ಕೋ" ಎಂದಳು. ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ. ಎರಡು ಹಳೆಯ ಪೇಂಟ್ ಡಬ್ಬಗಳ ತಳಕ್ಕೆ ತೂತು ಹೊಡೆದು, ಮಣ್ಣು ಗೊಬ್ಬರ ತುಂಬಿ, ಬಾಲ್ಕನಿಯಲ್ಲಿ ಸೌತೆಯಂಥ ಕಾಯಿ ಬಿಡುವ ಜುಕಿನಿಯ ಬೀಜ ಊರಿದಳು.

ಮುಳ್ಳುಮುಳ್ಳು ತೊಟ್ಟಿನ, ಮೊರದಗಲದ ಎಲೆಗಳು ಕಂಬಿಯಾಚೆ ಚಾಚಿದ್ದೇ ತಡ, ನಿವಾಸಿಗಳ ಸಂಘದ ಕಾರ್ಯದರ್ಶಿ ಬಾಗಿಲು ತಟ್ಟಿ ನಿಯಮದ ಹಾಳೆ ಮುಂದೆ ಹಿಡಿದ.

"ಬಾಲ್ಕನಿಲಿ ಹೂವಿನ ಗಿಡಕ್ಕೆ ಮಾತ್ರ ಅವಕಾಶ. ತರಕಾರಿ ಬೆಳೆಯೋ ಹಾಗಿಲ್ಲ."

ಸೂಜಿಯಕ್ಕ ಊರುಗೋಲಿನಿಂದ ಅಂಗೈಯಗಲದ ಹಳದಿ ಹೂವು ತೋರಿಸಿದಳು. "ಇದೇನು ನಿಮ್ಮ ಕಣ್ಣಿಗೆ ಕೊಡೆ ಥರ ಕಾಣ್ತಿದ್ಯಾ?"

"ಕಾಯಿ ಬಿಟ್ರೆ?"

"ಬಿಟ್ಮೇಲೆ ಬನ್ನಿ, ಮಾತಾಡೋಣ."

ಆದರೆ ಕಾಯಿ ನಿಲ್ಲಲಿಲ್ಲ. ಬೆರಳುದ್ದದ ಮಿಡಿಗಳು ತುದಿಯಿಂದ ಹಳದಿಯಾಗಿ, ಕೊಳೆತು ಉದುರಿದವು. "ಪರವಾಗಿಲ್ಲ, ಗಿಡಾನೇ ನಿಯಮ ಪಾಲಿಸ್ತಿದೆ" ಎಂದು ಕಾರ್ಯದರ್ಶಿ ಕೆಳಗಿನಿಂದಲೇ ನಕ್ಕ. ಅವಳ ಮೈ ಉರಿದುಹೋಯಿತು.

ಎರಡು ದಿನ ಗಿಡದ ಮುಂದೆ ಕುರ್ಚಿ ಹಾಕಿಕೊಂಡು ಕಾದಳು. ಅಷ್ಟೆತ್ತರಕ್ಕೆ ಒಂದು ಜೇನೂ ಸುಳಿಯಲಿಲ್ಲ. ಬೆಳಿಗ್ಗೆ ಅರಳಿದ ಹೂವು ಬಿಸಿಲೇರುವಷ್ಟರಲ್ಲಿ ಮುದುಡುತ್ತಿತ್ತು. "ಜೇನು ಬರದಿದ್ರೆ ಹೋಗ್ಲಿ, ಆ ಕೆಲಸ ನಾವೇ ಮಾಡೋಣ" ಎಂದಳು. ಬಗ್ಗಲು ಸೊಂಟ ಬಿಡಲಿಲ್ಲ.

"ಇಲ್ಲದ ಜಗಳ ಯಾಕೆ ಮೈಮೇಲೆ ಎಳ್ಕೋತೀಯ ಅಕ್ಕಾ?" ಎನ್ನುತ್ತಲೇ ತಂಗಿ ಮೊಣಕಾಲೂರಿದಳು. ಗಂಡು ಹೂವೊಂದನ್ನು ಕಿತ್ತು, ದಳ ಬಿಡಿಸಿ, ಬುಡದಲ್ಲಿ ಪುಟ್ಟ ಮಿಡಿಯಿದ್ದ ಹೆಣ್ಣು ಹೂವಿನೊಳಗೆ ಪರಾಗ ಸವರಿದಳು.

"ಮೆಲ್ಲಗೆ ಕಣೇ, ಪಾತ್ರೆ ಉಜ್ತಿದೀಯಾ?"

ವಾರದಲ್ಲಿ ಕಾಯಿ ಗೇಣುದ್ದ ಬೆಳೆಯಿತು.

ಸಂಘದ ಸಭೆಯ ದಿನ ತಂಗಿಯ ಹೆಗಲು ಹಿಡಿದು, ಆಪರೇಷನ್ ಆದ ಮೇಲೆ ಮೊದಲ ಸಲ ಮೆಟ್ಟಿಲಿಳಿದಳು. ಕಾಯಿಯನ್ನು ಕಾರ್ಯದರ್ಶಿಯ ಮುಂದಿಟ್ಟು, "ಬಿಟ್ಟಿದೆ. ಬರ್ಕೊಳ್ಳಿ" ಎಂದಳು.

ಕೈ ಎತ್ತಿಸಿದರು. ನಿಯಮದ ಪರ ಹನ್ನೊಂದು, ಅವಳ ಪರ ನಾಲ್ಕು.

"ಒಂದು ವಾರ ಟೈಮ್ ಇದೆ, ತೆಗೆದುಬಿಡಿ ಅಕ್ಕ" ಎಂದ ಕಾರ್ಯದರ್ಶಿ.

"ಸೋತೆ, ಒಪ್ಕೋತೀನಿ. ಗಿಡ ಮಾತ್ರ ತೆಗೆಯಲ್ಲ. ಯಾರ ಮನೆಗೆ ನೀರು ಸೋರಿದೆ, ಯಾರ ತಲೆ ಮೇಲೆ ಏನು ಬಿದ್ದಿದೆ ತೋರ್ಸಿ, ಈಗ್ಲೇ ಕಿತ್ತು ಹಾಕ್ತೀನಿ."

ತಂಗಿಯ ಹೆಗಲು ಹಿಡಿದು ಮತ್ತೆ ಮೆಟ್ಟಿಲು ಹತ್ತಿದಳು.

ಎಂಟನೇ ದಿನ ಕಾರ್ಯದರ್ಶಿ ಕಾವಲುಗಾರನನ್ನು ಕರೆದುಕೊಂಡು ಬಂದ. ಮನೆ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿ ಕೂತಿದ್ದವಳು ಅಕ್ಕನಲ್ಲ, ತಂಗಿ.

"ನನ್ನ ದಾಟಿ ಹೋಗಿ, ನೋಡೋಣ." ಕುರ್ಚಿಯನ್ನು ಬಾಗಿಲಿಗೆ ಇನ್ನಷ್ಟು ಒತ್ತಿಕೊಂಡಳು. ಏಳಲಿಲ್ಲ.

"ಇದು ನನ್ ಕೈಲಾಗಲ್ಲ ಸರ್" ಎಂದು ಕಾವಲುಗಾರ ಮೆಟ್ಟಿಲಿಳಿದ. ಅವನ ಹಿಂದೆಯೇ ಕಾರ್ಯದರ್ಶಿಯೂ ಇಳಿದ. ಮತ್ತೆ ಬರಲಿಲ್ಲ.

ಆ ಬೇಸಿಗೆಯಲ್ಲಿ ಹತ್ತೊಂಬತ್ತು ಕಾಯಿ ಕೊಯ್ದರು. ಅವಳ ವಿರುದ್ಧ ಕೈ ಎತ್ತಿದ್ದ ಎದುರು ಮನೆಯಾಕೆ ಒಂದು ದಿನ ಮೆತ್ತಗೆ, "ನಮಗೂ ಒಂದು ಕೊಡ್ತೀರಾ?" ಎಂದು ಕೇಳಿದಳು.

ಸೂಜಿಯಕ್ಕ ಎರಡು ಕೊಟ್ಟಳು. "ಮುಂದಿನ ಸಭೇಲಿ ಕೈ ಎತ್ತೋವಾಗ ಇದರ ರುಚಿ ನೆನಪಿರ್ಲಿ."